ಮೈಗೆ ಸಲ್ಲುವ ಉಪಚಾರ

ಮನುಷ್ಯನು ತನ್ನ ಮೈಯ ಹೊರಪದರಕ್ಕಾಗಿ ಎಷ್ಟು ಹೊತ್ತನ್ನು, ಎಷ್ಟು ಹಣವನ್ನು, ಎಷ್ಟು ಚಿಂತೆಯನ್ನು ವೆಚ್ಚ ಮಾಡುವುದು ಯುಕ್ತ? ಮೇಲುನೋಟಕ್ಕೆ ಇದು ಹಗುರವಾದ ಪ್ರಶ್ನೆ. ಸತ್ಯ, ಅಹಿಂಸೆ, ದಾನ ಮೊದಲಾದ ಘನವಾದ ವಿಷಯಗಳ ಪಂಕ್ತಿಯಲ್ಲಿ ಸೀಗೆಪುಡಿಗೂ ಮುಖದ ಮುಲಾಮಿಗೂ ಎಲ್ಲಿಯ ಎಲೆ ಎಂದು ಯಾರಾದರೂ ನಕ್ಕರೆ ಅವರನ್ನು ತಪ್ಪೆನ್ನಲಾಗದು. ಆದರೂ ವಿಚಾರ ಮಾಡಿ ನೋಡಿದರೆ, ನಾವು ಸತ್ಯಾಹಿಂಸೆಗಳನ್ನು ಕುರಿತು ಚಿಂತಿಸುವುದು ವರ್ಷಕ್ಕೆ ಒಂದೆರಡು ಬಾರಿ. ಕನ್ನಡಿಯ ಮುಂದೆ ನಿಲ್ಲುವುದು ದಿನವೂ. ದಿನವೂ ಮಾಡುವ ಕೆಲಸದಲ್ಲಿ ಅಡಗಿರುವ ಧರ್ಮಾಧರ್ಮ ಕಣ್ಣಿಗೆ ಬೀಳುವುದು ಕಡಮೆ. ಅದನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿದರೆ ನಷ್ಟವೇನೂ ಇಲ್ಲ.

ಈ ವಿಷಯದಲ್ಲಿ ನಮ್ಮ ಹಿರಿಯರು ಎರಡು ನಾಲಗೆಯಲ್ಲಿ ಮಾತನಾಡಿದ್ದಾರೆ. ದೇಹವು ನೀರ ಗುಳ್ಳೆ, ತೊಗಲ ಚೀಲ, ಅದನ್ನು ನೆಚ್ಚಬೇಡ ಎಂದವರೂ ಅವರೇ. ಹಬ್ಬ ಬಂದಿತೆಂದರೆ ಮೊದಲು ಎಣ್ಣೆನೀರು, ಆಮೇಲೆ ದೇವರು ಎಂದವರೂ ಅವರೇ. ನರಕ ಚತುರ್ದಶಿಯ ಮುನ್ನಾದಿನ ಹಂಡೆಯನ್ನು ತಿಕ್ಕಿ ತೊಳೆದು, ಅದಕ್ಕೆ ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಹೂವು ಸುತ್ತಿ, ನೀರು ತುಂಬುವುದನ್ನೇ ಒಂದು ಹಬ್ಬವನ್ನಾಗಿ ಮಾಡಿದ ಜನ ದೇಹವನ್ನು ಕೇವಲ ಚೀಲವೆಂದು ತಿಳಿದಿದ್ದರೆಂದು ನಂಬುವುದು ಕಷ್ಟ. ಈ ಎರಡು ಮಾತುಗಳಲ್ಲಿ ವಿರೋಧವಿದೆಯೆ? ಇರಲಾರದು. ಮೈಯನ್ನು ನೆಚ್ಚಬೇಡ ಎಂಬುದು ಒಂದು ಮಾತು. ಮೈಯನ್ನು ಹಳಿಯಬೇಡ ಎಂಬುದು ಇನ್ನೊಂದು. ಎರಡೂ ಏಕಕಾಲಕ್ಕೆ ನಿಜವಾಗಿರಬಹುದು. ಹಾಗೆ ನೋಡಿದರೆ ಇಂದಿನ ನಮ್ಮ ತೊಡಕೆಲ್ಲ ಇದೇ: ನಾವು ಮೈಯನ್ನು ಅತಿಯಾಗಿ ನೆಚ್ಚಿದ್ದೇವೆ, ಅಷ್ಟೇ ಅತಿಯಾಗಿ ಹಳಿಯುತ್ತಲೂ ಇದ್ದೇವೆ.

ಭಾಷೆಯ ಮೇಷ್ಟರಾದವರಿಗೆ ಮಾತಿನ ಜಾಡು ಹಿಡಿದು ಹೋಗುವ ಚಟ. ಓದುಗರು ಅದನ್ನು ಒಂದು ಗಳಿಗೆ ಸಹಿಸಿಕೊಳ್ಳಬೇಕು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಮೈಬಣ್ಣವನ್ನು ಹೇಳಲು ಬಳಕೆಯಲ್ಲಿದ್ದ ಮಾತುಗಳನ್ನು ನೆನೆಯಿರಿ: ಎಣ್ಣೆಗೆಂಪು, ಎಣ್ಣೆಗಪ್ಪು, ನಸುಗಪ್ಪು, ಗೋಧಿಬಣ್ಣ. ಕೆಂಪೋ ಕಪ್ಪೋ, ಎರಡರ ಹಿಂದೆಯೂ ಎಣ್ಣೆಯಿದೆ. ಅಂದರೆ ಆ ಕಣ್ಣು ಬಣ್ಣವೊಂದನ್ನೇ ನೋಡುತ್ತಿರಲಿಲ್ಲ. ಬಣ್ಣದ ಮೇಲೆ ಆಡುವ ಹೊಳಪನ್ನೂ ನೋಡುತ್ತಿತ್ತು. ಎಣ್ಣೆ ಕಂಡ ಮೈ, ಉಂಡು ಬೆಳೆದ ಮೈ, ಯಾರೋ ಅಕ್ಕರೆಯಿಂದ ಕೈಯಾಡಿಸಿದ ಮೈ ಎಂಬ ಅರ್ಥ ಆ ಒಂದು ಮಾತಿನಲ್ಲಿ ತುಂಬಿತ್ತು. ಇನ್ನೊಂದು ಮಾತನ್ನೂ ಗಮನಿಸಬಹುದು. ಬದುಕಿರುವವನ ಚರ್ಮಕ್ಕೂ ಸತ್ತ ಪಶುವಿನ ಚರ್ಮಕ್ಕೂ ನಮ್ಮಲ್ಲಿ ಒಂದೇ ಶಬ್ದ. ಒಂದನ್ನು ಹಾಲಿನ ಕೆನೆಯಿಂದ ತಿಕ್ಕಿದೆವು. ಇನ್ನೊಂದನ್ನು ಹದಮಾಡಿ ನಮ್ಮ ಕಾಲಿಗೆ ಜೋಡು ಹೊಲಿದುಕೊಟ್ಟವನನ್ನು ಮುಟ್ಟಲಾರೆವೆಂದೆವು. ಶಬ್ದ ಒಂದಾದರೂ ನಡತೆ ಒಂದಾಗಲಿಲ್ಲ.

ಇರಲಿ, ಊರಿನ ಮಾತಿಗೆ ಬರೋಣ. ತರೀಕೆರೆಯಿಂದ ಕೆಮ್ಮಣ್ಣುಗುಂಡಿಯ ಕಡೆಗೆ ಹೋಗುವ ದಾರಿಯಲ್ಲಿ ಲಿಂಗದಹಳ್ಳಿ ಸಿಕ್ಕುತ್ತದೆ. ಬಾಬಾಬುಡನ್‌ಗಿರಿ ಸಾಲಿನ ಬುಡದಲ್ಲಿರುವ ಈ ಹೋಬಳಿ ಪೂರ್ತಿ ಮಲೆನಾಡೂ ಅಲ್ಲ, ಪೂರ್ತಿ ಬಯಲೂ ಅಲ್ಲ. ಕೆಳಗೆ ಅಡಿಕೆ ತೆಂಗು, ಮೇಲೆ ಕಾಫಿ, ಅದರಾಚೆ ಕಾಡು. ಕೆಮ್ಮಣ್ಣುಗುಂಡಿಯ ಹೆಸರಿನಲ್ಲಿಯೇ ಮಣ್ಣಿನ ಬಣ್ಣವಿದೆ. ಒಂದು ಕಾಲದಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಅಲ್ಲಿಂದಲೇ. ಇಂಥ ಸೀಮೆಯಲ್ಲಿ ಚರ್ಮಕ್ಕೆ ಬರುವ ಕಷ್ಟಗಳೂ ಬಗೆಬಗೆಯವು: ಮಳೆಗಾಲದಲ್ಲಿ ಗದ್ದೆಯಲ್ಲಿ ನಿಂತು ಬೆರಳ ಸಂದಿಯಲ್ಲಿ ಏಳುವ ಕೆಸರುಹುಣ್ಣು, ಕಾಡಂಚಿನಲ್ಲಿ ಕಾಲಿಗೆ ಹತ್ತುವ ಉಂಬಳ, ಮಕ್ಕಳಿಗೆ ಕಜ್ಜಿ, ಚಳಿಗಾಲಕ್ಕೆ ಹಿಮ್ಮಡಿಯ ಬಿರುಕು. ಇವಕ್ಕೆ ಉತ್ತರವಾಗಿ ಹಿತ್ತಿಲಲ್ಲಿಯೇ ಒಂದು ಸಣ್ಣ ಔಷಧಾಲಯವಿತ್ತು. ಬೇವು, ಅರಿಶಿನ, ಹೊಂಗೆಯೆಣ್ಣೆ, ಹರಳೆಣ್ಣೆ, ಲೋಳೆಸರ. ಮೈ ತಿಕ್ಕಲು ಕಡಲೆಹಿಟ್ಟು, ಹೆಸರುಹಿಟ್ಟು. ತಲೆಗೆ ಸೀಗೆ, ಬಟ್ಟೆಗೆ ಅಂಟುವಾಳ. ಸೀಗೆ ಅಂಟುವಾಳಗಳಲ್ಲಿ ನೊರೆ ಬರಿಸುವ ಸಪೋನಿನ್ ಎಂಬ ದ್ರವ್ಯವಿದೆ. ಚರ್ಮದ ಮೇಲ್ಮೈ ಸ್ವಭಾವತಃ ತುಸು ಹುಳಿಯ ಗುಣದ್ದು. ಸಾಧಾರಣ ಸಾಬೂನು ಕ್ಷಾರದ್ದು. ಸೀಗೆಯ ನೀರಿಗೂ ತುಸು ಹುಳಿಯೇ ಗುಣ. ನಮ್ಮ ಅಜ್ಜಿಯರಿಗೆ ರಸಾಯನಶಾಸ್ತ್ರ ತಿಳಿಯದಿದ್ದರೂ ಕೈಗೆ ಹಿತವಾದುದು ಯಾವುದೆಂದು ತಿಳಿದಿತ್ತು.

ಬಡವರ ಹಿತ್ತಿಲ ಕಥೆ ಇದಾದರೆ ಅರಮನೆಯ ಕಥೆ ಬೇರೆ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಬಾವಿ ತೋಡುವುದು, ಗಿಡ ಬೆಳೆಸುವುದು, ಅಡಿಗೆ ಮಾಡುವುದು ಇವುಗಳ ಜೊತೆಗೆ ಸುಗಂಧದ್ರವ್ಯಗಳ ವಿಷಯವೂ ಬರುತ್ತದೆ. ಲೋಕಕ್ಕೆ ಉಪಕಾರವಾಗುವ ವಿದ್ಯೆಗಳ ಪಟ್ಟಿಯಲ್ಲಿ ಪರಿಮಳಕ್ಕೂ ಒಂದು ಅಧ್ಯಾಯವನ್ನು ಕೊಟ್ಟ ಆ ವಿವೇಕ ಮೆಚ್ಚತಕ್ಕದ್ದು. ಒಂದು ಶತಮಾನದ ಅನಂತರ ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಸ್ನಾನ, ವಿಲೇಪನಗಳು ರಾಜನ ಭೋಗಗಳ ಸಾಲಿನಲ್ಲಿ ನಿಂತಿವೆ. ಒಬ್ಬನು ಉಪಕಾರವೆಂದುದನ್ನು ಇನ್ನೊಬ್ಬನು ಭೋಗವೆಂದ. ಎರಡು ಗ್ರಂಥಗಳ ನಡುವಣ ಈ ಅಂತರದಲ್ಲಿಯೇ ನಮ್ಮ ಪ್ರಶ್ನೆಯ ಬೀಜವಿದೆ.

ಇಷ್ಟು ಹೇಳಿದ ಮೇಲೆ ಹಳೆಯದನ್ನು ಹೊಗಳಿ, ಹೊಸದನ್ನು ಬಯ್ದು, ಲೇಖನಿಯನ್ನು ಕೆಳಗಿಡುವುದು ಸುಲಭ. ಅಂಥ ಬರಹಗಳಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಹಿತ್ತಿಲ ಅರಿಶಿನ ಎಲ್ಲರ ಮೈಗೂ ಸಿಕ್ಕುತ್ತಿತ್ತೆ ಎಂದು ಕೇಳಿದೊಡನೆ ಈ ಹೊಗಳಿಕೆಯ ಬಾಯಿ ಕಟ್ಟುತ್ತದೆ. ಗಂಡ ಸತ್ತ ದಿನವೇ ಹೆಂಗಸಿನ ಕೆನ್ನೆಯಿಂದ ಅರಿಶಿನವನ್ನೂ ಹಣೆಯಿಂದ ಕುಂಕುಮವನ್ನೂ ಒರೆಸಿದವರು ನಾವೇ. ಕೆಲವು ಜಾತಿಗಳಲ್ಲಿ ತಲೆಕೂದಲನ್ನೂ ಬಿಡಲಿಲ್ಲ. ಎಂ. ಕೆ. ಇಂದಿರಾ ಅವರು 1976ರಲ್ಲಿ ಪ್ರಕಟಿಸಿದ ‘ಫಣಿಯಮ್ಮ’ ಕಾದಂಬರಿ ಮಲೆನಾಡಿನ ಇಂಥ ಒಬ್ಬ ಬಾಲವಿಧವೆಯ ಬಾಳಿನ ಕಥೆ. ಅರಿಶಿನವು ಚರ್ಮಕ್ಕೆ ಹಿತವೆಂಬುದು ನಿಜವಾದರೆ, ಆ ಹಿತ ವಿಧವೆಯ ಚರ್ಮಕ್ಕೆ ಬೇಡವಾಯಿತೆ? ಬೇಡವಾದದ್ದು ಚರ್ಮಕ್ಕಲ್ಲ, ಸಮಾಜಕ್ಕೆ. ಉಪಚಾರದ ವಸ್ತುವೇ ಅಲ್ಲಿ ಅಧಿಕಾರದ ಮುದ್ರೆಯಾಗಿತ್ತು. ಯಾರು ಮೈಯನ್ನು ಮುದ್ದಿಸಿಕೊಳ್ಳಬಹುದು, ಯಾರು ಕೂಡದು ಎಂಬುದನ್ನು ಊರು ತೀರ್ಮಾನಿಸುತ್ತಿತ್ತು.

ನೀರಿನ ವಿಷಯವೂ ಹೀಗೆಯೇ. ಎಣ್ಣೆ ಹಚ್ಚಿಕೊಳ್ಳಬೇಕಾದರೆ ಅದನ್ನು ತೊಳೆಯಲು ಹಂಡೆ ತುಂಬ ಬಿಸಿನೀರು ಬೇಕು. ಹಂಡೆ ಕಾಯಬೇಕಾದರೆ ಸೌದೆ ಬೇಕು. ಬಾವಿಗೆ ಹಗ್ಗ ಇಳಿಸುವ ಹಕ್ಕು ಬೇಕು. ಊರ ಬಾವಿಗೂ ಕೆರೆಯ ಸೋಪಾನಕ್ಕೂ ಹತ್ತಿರ ಸುಳಿಯದಂತೆ ಕೆಲವರನ್ನು ದೂರವಿಟ್ಟು, ಆಮೇಲೆ ಅವರನ್ನೇ ಕೊಳಕರೆಂದು ಕರೆದ ನ್ಯಾಯ ನಮ್ಮದು. ಕಜ್ಜಿಯೆಂಬ ರೋಗ ಸಣ್ಣ ನುಸಿಯೊಂದು ಚರ್ಮದೊಳಗೆ ಬಿಲ ತೋಡುವುದರಿಂದ ಬರುತ್ತದೆ. ಇಕ್ಕಟ್ಟಾದ ಮನೆ, ಹಂಚಿಕೊಂಡು ಹೊದೆಯುವ ಕಂಬಳಿ ಇದ್ದಲ್ಲಿ ಹರಡುತ್ತದೆ. ಅದು ಬಡತನದ ರೋಗವೇ ಹೊರತು ಜಾತಿಯ ಗುಣವಲ್ಲ. ಲೋಕದ ಅಲಕ್ಷಿತ ರೋಗಗಳ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಸೇರಿಸಿದ್ದು 2017ರಲ್ಲಿ. ಹಳೆಯ ಕಾಲದ ಚರ್ಮಸೌಖ್ಯವನ್ನು ಬಣ್ಣಿಸುವವರು ಹಳೆಯ ಕಾಲದ ಕಜ್ಜಿಯನ್ನೂ ಮರೆಯಬಾರದು.

ಈ ಹಿನ್ನೆಲೆಯಲ್ಲಿ ನೋಡಿದಾಗ ಅಂಗಡಿಯ ಸಾಬೂನಿನ ಬಿಲ್ಲೆಗೆ ಒಂದು ಬಗೆಯ ಘನತೆಯುಂಟು. ಅದು ಯಾರನ್ನೂ ನಿನ್ನ ಕುಲವೇನು, ನಿನ್ನ ಗಂಡ ಇದ್ದಾನೆಯೆ ಎಂದು ಕೇಳುವುದಿಲ್ಲ. ಕಾಸು ಕೊಟ್ಟವರ ಕೈಯಲ್ಲಿ ನೊರೆ ಬರುತ್ತದೆ. ನಮ್ಮ ನಾಡಿನ ಸಾಬೂನಿನ ಚರಿತ್ರೆ ಸ್ವಾರಸ್ಯವಾದದ್ದು. ಮೈಸೂರಿನ ಶ್ರೀಗಂಧದ ಕೊರಡುಗಳು ಯುರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಮಹಾಯುದ್ಧ ಆರಂಭವಾಗಿ ಆ ವ್ಯಾಪಾರ ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1916ರಲ್ಲಿ ಮೈಸೂರಿನಲ್ಲಿಯೇ ಗಂಧದೆಣ್ಣೆಯನ್ನು ಬಟ್ಟಿ ಇಳಿಸುವ ಕಾರ್ಖಾನೆ ಹುಟ್ಟಿತು. ಎರಡು ವರ್ಷಗಳಲ್ಲಿ ಆ ಎಣ್ಣೆ ಸಾಬೂನಿನೊಳಗೆ ಸೇರಿತು. ಆ ಕೆಲಸದಲ್ಲಿ ಮುಂದಾಗಿದ್ದವರು ಎಸ್. ಜಿ. ಶಾಸ್ತ್ರಿಗಳೆಂಬ ರಸಾಯನತಜ್ಞರು. ಆನೆಯ ತಲೆಯ, ಸಿಂಹದ ಮೈಯ ಶರಭ ಅದರ ಗುರುತಾಯಿತು. ಅರಸರ ವಿಲೇಪನವಾಗಿದ್ದ ಗಂಧ ಗುಮಾಸ್ತೆಯ ಬಚ್ಚಲಿಗೆ ಬಂದದ್ದು ಸಣ್ಣ ಕ್ರಾಂತಿಯಲ್ಲ. ಹಾಗೆಂದು ಅದರ ಇನ್ನೊಂದು ಮುಖವನ್ನು ಮರೆಯಲಾಗದು: ಗಂಧ ಬಹುಕಾಲ ರಾಜವೃಕ್ಷವಾಗಿತ್ತು, ರೈತನ ಬದುವಿನಲ್ಲಿ ತಾನಾಗಿ ಹುಟ್ಟಿದ ಮರವೂ ಅವನದಾಗಿರಲಿಲ್ಲ. 2001ರಲ್ಲಿ ಕಾನೂನು ತಿದ್ದುಪಡಿಯಾದ ಮೇಲಷ್ಟೇ ಆ ಒಡೆತನ ಭೂಮಿಯ ಒಡೆಯನಿಗೆ ಬಂದಿತು. ಕಾಡಂಚಿನ ಹಳ್ಳಿಗಳಿಗೆ ಗಂಧವೆಂದರೆ ಪರಿಮಳಕ್ಕಿಂತ ಹೆಚ್ಚಾಗಿ ಮೊಕದ್ದಮೆಯ ಭಯವಾಗಿತ್ತು.

ಸಾಬೂನು ಕೊಳೆಯನ್ನು ತೆಗೆಯುತ್ತೇನೆಂದಿತು. ಅದರ ಹಿಂದೆಯೇ ಬಂದ ಮುಲಾಮು ಬಣ್ಣವನ್ನೇ ತೆಗೆಯುತ್ತೇನೆಂದಿತು. ಇಲ್ಲಿ ಕಥೆ ತಿರುಗುತ್ತದೆ. ಕೊಳೆ ಹೊರಗಿನಿಂದ ಬಂದದ್ದು, ತೊಳೆಯತಕ್ಕದ್ದು. ಬಣ್ಣವಾದರೋ ನಾವೇ. 1919ರಲ್ಲಿ ಮುಂಬಯಿಯಲ್ಲಿ ‘ಅಫ್ಘಾನ್ ಸ್ನೋ’ ಹೊರಟಿತು; ಕೆಲವು ಕಾಲದ ಮೇಲೆ ಪೇಟೆಯ ಹೆಣ್ಣುಮಕ್ಕಳ ಮಾತಿನಲ್ಲಿ ಮುಖಕ್ಕೆ ಹಚ್ಚುವುದಕ್ಕೆಲ್ಲ ‘ಸ್ನೋ’ ಎಂಬುದೇ ಹೆಸರಾಯಿತು. 1975ರಲ್ಲಿ ‘ಫೇರ್ ಅಂಡ್ ಲವ್ಲಿ’ ಬಂದಿತು. 2020ರಲ್ಲಿ, ಲೋಕದಲ್ಲೆಲ್ಲ ವರ್ಣಭೇದದ ವಿರುದ್ಧ ಕೂಗೆದ್ದಾಗ, ಅದರ ಹೆಸರಿನಿಂದ ‘ಫೇರ್’ ಎಂಬುದನ್ನು ಅಳಿಸಿ ‘ಗ್ಲೋ’ ಎಂದು ಬರೆದರು. ಹೆಸರು ಬದಲಾಯಿತು, ವಧುವನ್ನು ನೋಡಲು ಬಂದವರ ಕಣ್ಣು ಬದಲಾಗಲಿಲ್ಲ.

ಶಾಸ್ತ್ರಜ್ಞರು ಹೇಳುವುದು ಬಹಳ ಸರಳ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ದ್ರವ್ಯವನ್ನು ತಯಾರಿಸುವ ಕಣಗಳು ಬಿಳಿಯನಲ್ಲಿಯೂ ಕರಿಯನಲ್ಲಿಯೂ ಹೆಚ್ಚುಕಡಮೆ ಒಂದೇ ಸಂಖ್ಯೆಯಲ್ಲಿವೆ. ಅವು ತಯಾರಿಸುವ ದ್ರವ್ಯದ ಪ್ರಮಾಣದಲ್ಲಿಯೂ ಬಗೆಯಲ್ಲಿಯೂ ಮಾತ್ರ ಭೇದ. ಬಿಸಿಲಿನ ಕೆಟ್ಟ ಕಿರಣಗಳನ್ನು ತಡೆಯುವುದು ಅದರ ಕೆಲಸ. ಬಿಸಿಲ ನಾಡಿನವರಿಗೆ ಪ್ರಕೃತಿ ಹೊಲಿದುಕೊಟ್ಟ ಕೊಡೆ ಅದು. ಆ ಕೊಡೆಯನ್ನು ಹರಿದುಹಾಕಲು ನಾವು ದುಡ್ಡು ಕೊಡುತ್ತಿದ್ದೇವೆ. ದುಡ್ಡಷ್ಟೇ ಹೋದರೆ ಸಹಿಸಬಹುದಾಗಿತ್ತು. ಬಿಳುಪಿನ ಮುಲಾಮುಗಳಲ್ಲಿ ಕೆಲವಕ್ಕೆ ಪಾದರಸ ಬೆರೆಸುವುದುಂಟು. ಅದು ಚರ್ಮದ ಮೂಲಕ ಮೈಗೆ ಇಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. 2023ರಲ್ಲಿ ಕೇರಳದ ಕೋಟಕ್ಕಲ್‌ನ ವೈದ್ಯರು ಇಂಥ ರೋಗಿಗಳನ್ನು ಕಂಡು, ಮುಲಾಮಿಗೂ ಮೂತ್ರಪಿಂಡದ ರೋಗಕ್ಕೂ ಇರುವ ಸಂಬಂಧವನ್ನು ಹೊರಗೆಡವಿದರು. ಇನ್ನು ಸ್ಟೀರಾಯ್ಡ್ ಬೆರೆತ ಮುಲಾಮುಗಳು. ರೋಗಕ್ಕೆಂದು ಹುಟ್ಟಿದ ಇವನ್ನು ಬಿಳುಪಿಗೆಂದು ತಿಂಗಳುಗಟ್ಟಲೆ ಹಚ್ಚಿ, ಚರ್ಮ ಕಾಗದದಂತೆ ತೆಳ್ಳಗಾಗಿ, ಬಿಸಿಲಿಗೆ ಮುಖವೊಡ್ಡಲಾರದಾದ ಹುಡುಗಿಯರಿದ್ದಾರೆ. ವೈದ್ಯರ ಚೀಟಿಯಿಲ್ಲದೆ ಇಂಥ ಹಲವು ಮುಲಾಮುಗಳನ್ನು ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲಿ ಕಟ್ಟುಮಾಡಿತು.

ಇದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದಿದೆ. ಬಿಳುಪಿಗಾಗಿ ಇಷ್ಟು ಹಂಬಲಿಸುವ ಇದೇ ಸಮಾಜ ತೊನ್ನನ್ನು ಕಂಡರೆ ಹೌಹಾರುತ್ತದೆ. ತೊನ್ನು ಅಂಟುರೋಗವಲ್ಲ, ದೇಹದ ರಕ್ಷಣಾವ್ಯವಸ್ಥೆಯೇ ದಾರಿತಪ್ಪಿ ಬಣ್ಣದ ಕಣಗಳನ್ನು ಕೊಲ್ಲುವುದರಿಂದ ಆಗುವ ಮಚ್ಚೆ. ಅದರಿಂದ ಪ್ರಾಣಕ್ಕೆ ಅಪಾಯವಿಲ್ಲ. ಆದರೂ ಬೆರಳಗಲದ ಒಂದು ಬಿಳಿಯ ಮಚ್ಚೆ ಮದುವೆಯನ್ನು ಮುರಿಯುತ್ತದೆ. ಮುಖವೆಲ್ಲ ಬಿಳುಪಾದರೆ ಭಾಗ್ಯ, ಒಂದು ಕಡೆ ಬಿಳುಪಾದರೆ ಶಾಪ! ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ನಮಗೆ ಬೇಕಾದದ್ದು ಬಿಳುಪೂ ಅಲ್ಲ. ಹತ್ತು ಜನರ ಕಣ್ಣಿನಲ್ಲಿ ಮೇಲಿನ ಮೆಟ್ಟಿಲಲ್ಲಿ ನಿಲ್ಲಬೇಕು, ಅಷ್ಟೆ. ಆ ಮೆಟ್ಟಿಲಿಗೆ ಒಂದು ಕಾಲದಲ್ಲಿ ಅರಿಶಿನದ ಬಣ್ಣ ಬಳಿದಿದ್ದೆವು, ಈಗ ಹಿಮದ ಬಣ್ಣ ಬಳಿದಿದ್ದೇವೆ. ಕೃಷ್ಣನನ್ನೂ ರಾಮನನ್ನೂ ಮೋಡದ ಬಣ್ಣದಲ್ಲಿ ಪೂಜಿಸುವ ಮನೆಯಲ್ಲಿಯೇ ಕಪ್ಪು ಮಗಳಿಗೆ ಕಣ್ಣೀರು ತಪ್ಪಿಲ್ಲ.

ಹಾಗಾದರೆ ಮುಲಾಮು ಹಚ್ಚುವ ಹುಡುಗಿ ತಪ್ಪಿತಸ್ಥಳೆ? ತರಗತಿಯಲ್ಲಿ ಈ ವಿಷಯ ಬಂದಾಗ ಹುಡುಗರು ನಗುತ್ತಾರೆ, ಹುಡುಗಿಯರು ತಲೆ ತಗ್ಗಿಸುತ್ತಾರೆ. ಅವರಲ್ಲೊಬ್ಬಳು ಒಮ್ಮೆ ಎದ್ದುನಿಂತು, “ಸರ್, ನೋಡುವವರು ಮೊದಲು ಬದಲಾಗಲಿ, ಆಮೇಲೆ ನಾವು ಬಿಡುತ್ತೇವೆ,” ಎಂದಳು. ಆ ಮಾತಿಗೆ ಥಟ್ಟನೆ ಕೊಡಬಹುದಾದ ಉತ್ತರ ಯಾವ ಗ್ರಂಥದಲ್ಲಿಯೂ ಇಲ್ಲ. ಹಸಿದವನಿಗೆ ಉಪವಾಸದ ಮಹಿಮೆಯನ್ನು ಬೋಧಿಸುವುದು ಹೇಗೆ ಸಲ್ಲದೋ, ಬಣ್ಣದ ತಕ್ಕಡಿಯಲ್ಲಿ ದಿನವೂ ತೂಗಿಸಿಕೊಳ್ಳುವವಳಿಗೆ ವೈರಾಗ್ಯದ ಬೋಧೆಯೂ ಹಾಗೆಯೇ ಸಲ್ಲದು. ತಕ್ಕಡಿ ಹಿಡಿದವರಿಗೆ ಮೊದಲು ಪಾಠವಾಗಬೇಕು. ಗಂಡಸರು, ಅತ್ತೆಯರು, ಜಾಹೀರಾತು ಬರೆಯುವವರು, ಮಗು ಹುಟ್ಟಿದೊಡನೆ ಬಣ್ಣ ಯಾವುದೆಂದು ಕೇಳುವ ನೆಂಟರು, ಇವರೆಲ್ಲರ ಕೈಯಲ್ಲಿಯೂ ಆ ತಕ್ಕಡಿಯಿದೆ. ಮೇಷ್ಟರೂ ಇದಕ್ಕೆ ಹೊರತಲ್ಲ. ಶಾಲೆಯ ನಾಟಕದಲ್ಲಿ ರಾಜಕುಮಾರಿಯ ವೇಷ ಯಾರಿಗೆ, ರಾಕ್ಷಸಿಯ ವೇಷ ಯಾರಿಗೆ ಎಂಬುದು ತೀರ್ಮಾನವಾಗುವ ರೀತಿಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಉಪಚಾರವೆಂಬ ಶಬ್ದದ ಮೂಲಾರ್ಥ ಹತ್ತಿರ ನಡೆಯುವುದು, ಬಳಿಯಲ್ಲಿದ್ದು ಸೇವೆ ಮಾಡುವುದು. ಹಳೆಯ ಅಭ್ಯಂಜನದಲ್ಲಿ ಈ ಅರ್ಥ ಉಳಿದಿತ್ತು. ಎಣ್ಣೆಯನ್ನು ತಾನೇ ಹಚ್ಚಿಕೊಳ್ಳುವುದಕ್ಕಿಂತ ಇನ್ನೊಬ್ಬರು ಹಚ್ಚುವುದೇ ಹೆಚ್ಚಾಗಿತ್ತು: ಬಾಣಂತಿಗೆ ತಾಯಿ, ಮಗುವಿಗೆ ಅಜ್ಜಿ, ಮುದುಕನಿಗೆ ಮೊಮ್ಮಗ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡಂತೆ ಎಂಬ ಗಾದೆಯೇ ಇದೆಯಲ್ಲ. ಕೊಡುವ ಕೈ ಎದುರಿಗಿತ್ತು ಎಂಬುದಕ್ಕೆ ಅದೂ ಒಂದು ಸಾಕ್ಷಿ. ಇಂದಿನ ಉಪಚಾರ ಏಕಾಂತದ್ದು. ಬಾಗಿಲು ಹಾಕಿಕೊಂಡು, ಕನ್ನಡಿಯೆದುರು, ಕೈಯಲ್ಲಿ ಫೋನು ಹಿಡಿದು, ತನ್ನ ಮುಖದಲ್ಲಿ ದೋಷಗಳನ್ನು ಹುಡುಕುವ ತಪಾಸಣೆ ಅದು. ಫೋನು ಮುಖವನ್ನು ಇದ್ದಂತೆ ತೋರಿಸುವುದಿಲ್ಲ, ನಯಗೊಳಿಸಿ ತೋರಿಸುತ್ತದೆ. ಹಾಗೆ ತೋರಿಸಿದ ಸುಳ್ಳು ಮುಖದ ಎದುರು ನಿಜವಾದ ಮುಖ ಪ್ರತಿದಿನವೂ ಸೋಲುತ್ತದೆ. ಹೋಬಳಿಯ ಅಂಗಡಿಗಳಲ್ಲಿಯೂ ಇಂದು ಸೀರಮ್ಮು ಸಿಕ್ಕುತ್ತದೆ. ಸಿಕ್ಕಲಿ, ಅದರಲ್ಲಿ ತಪ್ಪಿಲ್ಲ. ಬಿಸಿಲಿನಿಂದ ಕಾಪಾಡುವ ಮುಲಾಮು ಹೊಲದಲ್ಲಿ ದುಡಿಯುವವರಿಗೂ ದೊರೆತರೆ ಒಳ್ಳೆಯದೇ. ಹಚ್ಚುವ ವಸ್ತು ಹೊಸದೋ ಹಳೆಯದೋ ಎಂಬುದು ಮುಖ್ಯವಲ್ಲ. ಹಚ್ಚುವಾಗ ಮನಸ್ಸಿನಲ್ಲಿ ಅಕ್ಕರೆಯಿತ್ತೆ, ತಿರಸ್ಕಾರವಿತ್ತೆ ಎಂಬುದು ಮುಖ್ಯ. ಬಿರಿದ ಹಿಮ್ಮಡಿಗೆ ಮೇಣ ಹಚ್ಚುವವಳಲ್ಲಿ ಅಕ್ಕರೆಯಿದೆ. ತಾನು ಹುಟ್ಟಿದ ಬಣ್ಣವನ್ನೇ ಕೊಳೆಯೆಂದು ತಿಕ್ಕುವವಳ ಕೈಯಲ್ಲಿ ಬೇರೆ ಯಾರದೋ ತಿರಸ್ಕಾರ ಕೆಲಸ ಮಾಡುತ್ತಿದೆ.

ಇಷ್ಟಕ್ಕೇ ನಿಂತರೆ ಚರ್ಚೆ ಮುಖದಲ್ಲಿಯೇ ನಿಂತಂತಾಯಿತು. ಮುಖಕ್ಕಿಂತ ಕೈಗೆ ಹೆಚ್ಚು ಹೇಳುವುದಿದೆ. ಲಿಂಗದಹಳ್ಳಿಯ ಸುತ್ತ ಅಡಿಕೆ ಕೊಯ್ಲಿನ ಕಾಲದಲ್ಲಿ ಅಂಗಳಗಳಲ್ಲಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿಯುತ್ತಾರೆ. ಸುಲಿಯುವ ಯಂತ್ರಗಳು ಬಂದಿದ್ದರೂ ಕೈಕೆಲಸ ಪೂರ್ತಿ ನಿಂತಿಲ್ಲ. ಹಸಿ ಅಡಿಕೆಯ ಒಗರು ಬೆರಳಿಗೆ ಹತ್ತುತ್ತದೆ. ಕತ್ತಿಯ ಕಬ್ಬಿಣ ಅದರೊಡನೆ ಸೇರಿ ಕಪ್ಪಾಗುತ್ತದೆ. ಹಿಂದಿನವರು ಅಳಲೆಕಾಯಿಯ ಒಗರಿಗೆ ಅನ್ನಭೇದಿಯೆಂಬ ಕಬ್ಬಿಣದ ಲವಣವನ್ನು ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದುದೂ ಇದೇ ಮರ್ಮದಿಂದ. ಆ ಮಸಿ ತೊಳೆದರೆ ಹೋಗುವಂಥದಲ್ಲ. ಚರ್ಮ ತನ್ನ ಹಳೆಯ ಪದರವನ್ನು ಉದುರಿಸಿ ಹೊಸದನ್ನು ತರಲು ನಾಲ್ಕು ವಾರದಷ್ಟು ಕಾಲ ಬೇಕು. ಅಷ್ಟರಲ್ಲಿ ಮರುದಿನದ ಅಡಿಕೆ ಬಂದಿರುತ್ತದೆ. ಅದೇ ಕೈಯಲ್ಲಿ ಅವಳು ಮಗುವಿಗೆ ಉಣಿಸುತ್ತಾಳೆ, ಮದುವೆಯ ಮನೆಯಲ್ಲಿ ಅದೇ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ. ಮುಚ್ಚಿಕೊಳ್ಳಬೇಕಾದದ್ದೇನಿದೆ? ತೋಟದೊಡೆಯನ ಮನೆಗೆ ಬಂದ ಬೆಲೆಬಾಳುವ ಸಾಬೂನಿನ ಲೆಕ್ಕವೆಲ್ಲ ಆ ಮಸಿಯಲ್ಲಿಯೇ ಬರೆದದ್ದು.

ಮಲೆನಾಡಿನಲ್ಲಿ ಮೈಗೆ ಎಣ್ಣೆ ಹಚ್ಚುವ ಇನ್ನೊಂದು ಪದ್ಧತಿಯೂ ಇದೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಆಮೇಲೆ ಚಿಕ್ಕಮಗಳೂರು ಜಿಲ್ಲೆಗೂ ಹರಡಿತು. ಉಣ್ಣೆಯ ಕಡಿತದಿಂದ ಬರುವ ಆ ರೋಗವನ್ನು ತಡೆಯಲು ಕಾಡಿಗೆ ಹೋಗುವವರು ಕೈಕಾಲಿಗೆ ಲೇಪಿಸಿಕೊಳ್ಳಲೆಂದು ಆರೋಗ್ಯ ಇಲಾಖೆ ‘ಡೆಪಾ’ ಎಂಬ ಎಣ್ಣೆಯನ್ನು ಹಂಚುತ್ತದೆ. ಸೌದೆಗೆ, ತರಗೆಲೆಗೆ, ದನದ ಹಿಂದೆ ಕಾಡು ಹೊಕ್ಕುವ ಬಡವರ ಪಾಲಿಗೆ ಚರ್ಮದ ಉಪಚಾರವೆಂದರೆ ಅದು. ಚರ್ಮದ ಮೊದಲ ಧರ್ಮ ಅಂದವಲ್ಲ, ಕಾವಲು. ಪ್ರಾಯದ ಮನುಷ್ಯನ ಮೈಯಲ್ಲಿ ಒಂದೂವರೆಯಿಂದ ಎರಡು ಚದರ ಮೀಟರಿನಷ್ಟು ಹರಡಿರುವ ಈ ಕಾವಲುಗಾರ ಬಿಸಿಲು, ಮಳೆ, ಮುಳ್ಳು, ಕ್ರಿಮಿ ಎಲ್ಲವನ್ನೂ ಮೊದಲು ತಾನು ಎದುರಿಸುತ್ತಾನೆ. ಕಾವಲುಗಾರನ ಅಂಗಿಯಲ್ಲಿ ಕಲೆಯಿದೆಯೆಂದು ಅವನನ್ನು ಬಯ್ಯುವುದು ಕೃತಘ್ನತೆ.

ನಮ್ಮ ಮೊದಲ ಪ್ರಶ್ನೆಗೆ ಇದರಿಂದ ಒಂದು ಉತ್ತರ ಹೊರಡುತ್ತದೆ. ಮೈಗೆ ಸಲ್ಲಬೇಕಾದ ಉಪಚಾರ ಸಲ್ಲಲೇಬೇಕು. ಅದನ್ನು ವಿಲಾಸವೆಂದು ಹಳಿಯುವುದು ತಪ್ಪು. ವಿಧವೆಗೆ ಅರಿಶಿನ ಬೇಕೆನಿಸಿದರೆ ಅರಿಶಿನ ಸಲ್ಲಬೇಕು, ಕೂಲಿಯವಳಿಗೆ ಬಿಸಿನೀರು ಸಲ್ಲಬೇಕು, ತೊನ್ನಿನವನಿಗೆ ಪಂಕ್ತಿಯಲ್ಲಿ ಎಲೆ ಸಲ್ಲಬೇಕು. ತನ್ನ ಮೈಗೆ ಮಾಡಿಕೊಂಡದ್ದು ಎಷ್ಟಾದರೂ ಆಗಲಿ, ಇನ್ನೊಬ್ಬರ ಚರ್ಮವನ್ನು ಸುಲಿದು ಬಂದದ್ದಾಗಬಾರದು. ತನ್ನ ಚರ್ಮದ ಮೇಲಿನ ಹಗೆಯಿಂದ ಹುಟ್ಟಿದ್ದೂ ಆಗಬಾರದು. ಈ ಎರಡು ಗೆರೆಗಳ ನಡುವೆ ಸೀಗೆಪುಡಿಗೂ ಸೀರಮ್ಮಿಗೂ ಸ್ಥಳವಿದೆ. ಮುಂದಿನ ದೀಪಾವಳಿಗೆ ಹಂಡೆ ತುಂಬುವವರು ನೀರನ್ನು ಸ್ವಲ್ಪ ಹೆಚ್ಚಾಗಿಯೇ ತುಂಬಲಿ. ಅಂಗಳದಲ್ಲಿ ಅಡಿಕೆ ಸುಲಿದು ಎದ್ದವರಿಗೂ ಕೈ ತೊಳೆಯಲು ಬಿಸಿನೀರು ಬೇಕಾಗುತ್ತದೆ.